ಬೆಂಕಿ ಬೀಳದ ಮನೆ

ಮನೆಗೆ ಬೆಂಕಿ ಬೀಳದಿದ್ದಾಗ ಬಾಯ್ಲರ್ ತೋಡಿದರಂತೆ.

ಗಾದೆ ಹೀಗಿಲ್ಲ, ಗೊತ್ತು. ಬಾವಿ ತೋಡಿದವರ ಊರಿನಲ್ಲಿ ಬೆಂಕಿ ಬಿದ್ದರೆ ಕಷ್ಟ. ನಾವಿರುವ ಐರ್ಲೆಂಡಿನ ಗಾಲ್ವೇಯಲ್ಲಿ ಬೀಳದಿದ್ದರೆ ಕಷ್ಟ. ಊರು ಬದಲಾದ ಮೇಲೆ ಗಾದೆಯೂ ಒಂದು ಸ್ವೆಟರ್ ಹಾಕಿಕೊಳ್ಳಬೇಡವೇ? ಈಗ ಹೇಳಹೊರಟಿರುವುದು ಮಾತ್ರ ನಡೆದದ್ದು, ಅಪ್ಪಟ ಸತ್ಯ. ನನ್ನ ಹೆಸರೇ ಸತ್ಯಪ್ರಕಾಶ್. ನನ್ನನ್ನು ಬಲ್ಲವರು, ಇವನಲ್ಲಿ ಸತ್ಯ ಇರುವುದು ಹೆಸರಿನಲ್ಲಿ ಮಾತ್ರ, ಬಾಯಲ್ಲಿರುವುದೆಲ್ಲ ಊರವರ ದನಿ ಎನ್ನುತ್ತಾರೆ. ಅದೂ ಸತ್ಯವೇ. ಯಾರದಾದರೂ ಮಾತು ಒಂದು ನಿಮಿಷ ಕಿವಿಗೆ ಬಿದ್ದರೆ ಸಾಕು, ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಗಾಲ್ವೇಯಲ್ಲಿ ಬಾಡಿಗೆ ಮನೆ ಸಿಗುವುದಕ್ಕಿಂತ ನನ್ನ ಗಂಟಲಲ್ಲಿ ಜಾಗ ಸಿಗುವುದು ಸಲೀಸು.

ಫೆಬ್ರವರಿಯ ಒಂದು ಬೆಳಗ್ಗೆ ಶಶಾಂಕನ ಫೋನ್ ಬಂತು.

"ಸತ್ಯ, ಬಾಯ್ಲರ್ ಇವತ್ತು ಪೂರ್ತಿ ಕೈ ಎತ್ತಿಬಿಡ್ತು ಕಣೋ. ರೀಸೆಟ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆದುಹೋಯ್ತು."

ಶಶಾಂಕನೂ ನಾನೂ ಪಾರ್ಕ್‌ಮೋರ್ ಕೈಗಾರಿಕಾ ಪ್ರದೇಶದ ಒಂದೇ ಕಂಪನಿಯವರು. ಹೃದಯದ ರಕ್ತನಾಳಕ್ಕೆ ತೂರಿಸುವ ಕೊಳವೆಗಳನ್ನು ಅವನು ಮಾಡಿಸುತ್ತಾನೆ, ಅವುಗಳಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಅವನ ಹೆಂಡತಿ ಅನನ್ಯಾಗೆ ಮೊನ್ನೆಯಷ್ಟೇ ಹೆಣ್ಣುಮಗು ಆಗಿತ್ತು. ಇವತ್ತು ಮಧ್ಯಾಹ್ನ ತಾಯಿ ಮಗು ಆಸ್ಪತ್ರೆಯಿಂದ ಮನೆಗೆ. ಬಾಣಂತನಕ್ಕೆಂದು ತಿಪಟೂರಿನಿಂದ ಅವಳ ಅಪ್ಪ ಅಮ್ಮ ಬಂದಿದ್ದರು.

"ಮಗು ಬರೋ ಹೊತ್ತಿಗೆ ಮನೆ ಬೆಚ್ಚಗಿರಬೇಕು ಕಣೋ," ಎಂದ. "ಈಗ ಒಳಗೆ ಉಸಿರು ಬಿಟ್ರೆ ಹೊಗೆ ಬರ್ತಿದೆ. ನಾನು ಆಸ್ಪತ್ರೆಗೆ ಹೋಗ್ಲೇಬೇಕು. ನೀನು ರಜಾ ಹಾಕಿ ಬಾ, ಪ್ಲೀಸ್."

"ಬಂದೆ."

"ಇನ್ನೊಂದು. ಮಾವನ ಹತ್ರ ನಿನ್ನ ಆಟ ಬೇಡ. ಅವರು ನಗಲ್ಲ."

"ಯಾರೂ ನಗದೇ ಇರಲ್ಲ ಕಣೋ."

"ನಮ್ಮ ಮದುವೆ ಆಲ್ಬಮ್ ನೋಡಿದೀಯಲ್ಲ?"

ನೋಡಿದ್ದೆ. ಎಷ್ಟೋ ಪುಟಗಳ ಆ ಆಲ್ಬಮ್ಮಿನಲ್ಲಿ ರಾಮಲಿಂಗಪ್ಪನವರು ಧಾರೆಗೂ ಊಟಕ್ಕೂ ಒಂದೇ ಪಾಸ್‌ಪೋರ್ಟ್ ಫೋಟೋ.

ಈ ಬಾಯ್ಲರ್ ಎಂದರೆ ಏನೆಂದು ಮೊದಲು ಹೇಳಬೇಕು. ಇಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಬೀರುವಿನಂಥ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿರುತ್ತದೆ. ಅದರೊಳಗೆ ಉರಿ ಹತ್ತಿ, ಬಿಸಿನೀರು ಕೊಳವೆಗಳಲ್ಲಿ ಹರಿದು, ಕೋಣೆಕೋಣೆಯ ರೇಡಿಯೇಟರುಗಳನ್ನು ಕಾಯಿಸುತ್ತದೆ. ಉರಿಯುವುದು ಏನು ಗೊತ್ತೇ? ಸೀಮೆಎಣ್ಣೆ! ಸೀಮೆಯಿಂದ ಬಂದದ್ದೆಂದು ಅದಕ್ಕೆ ಹೆಸರಿಟ್ಟು, ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನ್ ಹಿಡಿದು ನಿಂತ ಜನ ನಾವು. ಸೀಮೆಗೇ ಬಂದು ನೋಡಿದರೆ ಇಲ್ಲಿ ಆಳೆತ್ತರದ ಹಸಿರು ಟ್ಯಾಂಕಿನ ತುಂಬ ಅದೇ ಎಣ್ಣೆ, ಕ್ಯೂ ಮಾತ್ರ ಇಲ್ಲ.

ಶಶಾಂಕನ ಬಾಯ್ಲರಿನ ಕಾಯಿಲೆ ಹೊಸದಲ್ಲ. ಅತ್ತೆ ಮಾವ ಬಂದ ವಾರದಿಂದಲೂ ದಿನಾ ಬೆಳಗ್ಗೆ ಕೆಂಪು ದೀಪ ಹತ್ತಿಸಿಕೊಂಡು ಮುನಿಸಿ ಕೂತಿರುತ್ತಿತ್ತು. ನಸುಕಿನಲ್ಲಿ ತಾನಾಗಿ ಹೊತ್ತಿಕೊಳ್ಳಲಿ ಎಂದು ಟೈಮರ್ ಇಟ್ಟಿದ್ದ. ಅದು ಹೊತ್ತಿಕೊಳ್ಳಲು ಹೋಗಿ, ಆಗದೆ, ಲಾಕ್ ಆಗಿಬಿಡುತ್ತಿತ್ತು. ಇವನು ಎದ್ದು ರೀಸೆಟ್ ಗುಂಡಿ ಒತ್ತಿದರೆ, ಏನೂ ಆಗೇ ಇಲ್ಲವೆಂಬಂತೆ ಗುರ್ ಎಂದು ಶುರು. ಆಮೇಲೆ ರಾತ್ರಿಯವರೆಗೆ ಬಂಗಾರದಂಥ ಬಾಯ್ಲರ್. ಶಶಾಂಕ ಟ್ಯಾಂಕ್ ನೋಡಿದ, ಎಣ್ಣೆ ಇತ್ತು. ವಾಲ್ವ್ ನೋಡಿದ, ತೆರೆದಿತ್ತು. ಫಿಲ್ಟರ್ ನೋಡಿದ, ಕನ್ನಡಿ. ಕ್ಯಾಂಟೀನಿನಲ್ಲಿ ಇಬ್ಬರೂ ಟಿಶ್ಯೂ ಕಾಗದದ ಮೇಲೆ ನಮ್ಮ ಕಸುಬಿನವರು ಬರೆಯುವ ಮೀನಿನ ಮೂಳೆಯ ಚಿತ್ರ ಬರೆದು ಮೂಲಕಾರಣ ಹುಡುಕಿದೆವು. ಮನೆಯಲ್ಲಿ ಜನ ಹೆಚ್ಚಾದರು, ಆದ್ದರಿಂದ ಲೋಡ್ ಹೆಚ್ಚಾಯಿತು ಎಂದು ತೀರ್ಮಾನಿಸಿ ಮೀನನ್ನು ಕಸದಬುಟ್ಟಿಗೆ ಹಾಕಿದೆವು. ಇಬ್ಬರೂ ಎಂಜಿನಿಯರುಗಳು, ನೆನಪಿರಲಿ.

ನಾನು ಹೋದಾಗ ಬಾಗಿಲು ತೆರೆದದ್ದು ಒಂದು ಮಂಕಿಕ್ಯಾಪ್. ಅದರೊಳಗೆ ರಾಮಲಿಂಗಪ್ಪನವರಿದ್ದರು.

"ಯಾರು?"

"ಸತ್ಯಪ್ರಕಾಶ್, ಸಾರ್. ಶಶಾಂಕ್ ಫ್ರೆಂಡು. ಬಾಯ್ಲರ್ ನೋಡಕ್ಕೆ ಬಂದೆ."

"ನೋಡು. ಮುಟ್ಟಬೇಡ. ಶೂ ಅಲ್ಲೇ ಬಿಡು."

ರಾಮಲಿಂಗಪ್ಪನವರು ತಿಪಟೂರಿನ ಅಡುಗೆ ಗ್ಯಾಸ್ ಏಜೆನ್ಸಿಯೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದು ನಿವೃತ್ತರಾದವರು. ಏಜೆನ್ಸಿ ಬಿಟ್ಟರೂ ಗ್ಯಾಸ್ ಅವರನ್ನು ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಅವರ ಕೈಬರಹದಲ್ಲೇ ಒಂದು ಚೀಟಿ: 'ಮಲಗುವ ಮುನ್ನ ಎಲ್ಲ ಸ್ವಿಚ್ ಆಫ್.' ಇದು ಕರೆಂಟ್ ಒಲೆ ಎಂದು ಮಗಳು ಹೇಳಿ ನೋಡಿದ್ದಳಂತೆ. ಸ್ವಿಚ್ಚಿಗೇನು ಜಾತಿಯೇ, ಎಂದಿದ್ದರಂತೆ.

"ಬಾಪ್ಪ, ಬಾ," ಎಂದು ಒಳಗಿನಿಂದ ವೇದಾವತಿಯವರು ಬಂದರು. ಸೀರೆಯ ಮೇಲೆ ಅಳಿಯನ ಜಾಕೆಟ್, ಕೈಯಲ್ಲಿ ದೋಸೆಹಿಟ್ಟಿನ ಪಾತ್ರೆ. "ನೋಡಿದ್ಯಾ ಈ ಹಿಟ್ಟಿನ ಗತಿ? ಆ ಹಾಟ್ ಪ್ರೆಸ್ ಅನ್ನೋ ಕಪಾಟು ಎಷ್ಟು ಚೆನ್ನಾಗೈತೆ, ಬಿಸಿನೀರಿನ ಟ್ಯಾಂಕ್ ಪಕ್ಕ ಇಟ್ರೆ ಬೆಳಗಾಗೋದ್ರಲ್ಲಿ ಉಬ್ಬಿರೋದು. ಇವತ್ತು ಬಾಯ್ಲರು ಮುಖ ಊದಿಸ್ಕೊಂಡೈತೆ, ಹಿಟ್ಟು ಮಾತ್ರ ಊದಿಲ್ಲ."

ಪನ್ ಮಾಡುವವನಿಗೆ ಪನ್ನೇ ಎದುರು ಬಂದಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಈ ಮನೆ ನಾನಂದುಕೊಂಡಷ್ಟು ಗಂಭೀರವಲ್ಲವೆಂದು.

ಮೇಲಿನ ಕೋಣೆಯಲ್ಲಿ ಹಳೇ ಹತ್ತಿಸೀರೆ ಹರಿದು ಮಾಡಿದ ಮಗುವಿನ ಬಟ್ಟೆಗಳನ್ನು ತಣ್ಣಗಿನ ರೇಡಿಯೇಟರಿನ ಮೇಲೆ ಸಾಲಾಗಿ ಹರವಿದ್ದರು. ಸ್ನಾನಕ್ಕೆ ನೀರು ಕಾಯಿಸಲು ಬೇರೆ ಕರೆಂಟಿನ ಕಾಯಿಲ್ ಇದೆ, ಸರಿ. ಅದು ನೀರು ಕಾಯಿಸುತ್ತದೆ, ಮನೆ ಕಾಯಿಸುವುದಿಲ್ಲ. ಒಂದು ಪುಟ್ಟ ಫ್ಯಾನ್ ಹೀಟರ್ ಮೂಲೆಯಲ್ಲಿ ಬುಸುಗುಟ್ಟುತ್ತ ತನ್ನ ಮೂತಿಯ ಮುಂದಿನ ಒಂದು ಮೊಳ ಗಾಳಿಯನ್ನು ಮಾತ್ರ ಬೆಚ್ಚಗೆ ಇಟ್ಟಿತ್ತು. ಎರಡು ದಿನದ ಕೂಸನ್ನು ಈ ಮನೆಗೆ ಹೇಗೆ ತರುವುದು?

ಫೋನ್ ಟಣ್ ಎಂದಿತು. ಶಶಾಂಕ: 'ಆಯ್ತಾ?'

ಬಾಯ್ಲರ್ ರಿಪೇರಿಯವನ ಹೆಸರು ಕಾರ್ಮಕ್. ನಮ್ಮ ಕರ್ಮಕ್ಕೆ ಸಿಕ್ಕವನು, ಹೆಸರು ಸರಿಯಾಗಿಯೇ ಇದೆ. ಚಳಿ ಜೋರಾಗಿದ್ದರಿಂದ ಅವನಿಗೆ ಪುರುಸೊತ್ತೇ ಇರಲಿಲ್ಲ. ಐದಾರು ಸಲ ಮಾಡಿದ ಮೇಲೆ ಫೋನ್ ತೆಗೆದ. ಅವನದು ಜಲ್ಲಿಕಲ್ಲಿನ ಮೇಲೆ ಗಾಡಿ ಹೋದಂಥ ದನಿ, ಪ್ರತಿ ವಾಕ್ಯದ ಕೊನೆಯಲ್ಲಿ ಗಾಡಿ ಒಂದು ಸಣ್ಣ ದಿಬ್ಬ ಹತ್ತುತ್ತದೆ. ಅವನ ಮಾತನ್ನು ಕನ್ನಡಕ್ಕೆ ಇಳಿಸಿ ಹೇಳುತ್ತೇನೆ, 'ಗ್ರ್ಯಾಂಡ್' ಒಂದು ಮಾತ್ರ ಯಾವ ಭಾಷೆಗೂ ಇಳಿಯುವುದಿಲ್ಲ.

"ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಕಣಪ್ಪ. ನಾನೀಗ ಕಾನೆಮಾರದ ತುದಿಯಲ್ಲಿದ್ದೀನಿ, ಇವತ್ತು ಬರೋದು ಡೌಟು. ಬರ್ನರಿನ ಪಂಪಿನ ಪಕ್ಕ ಒಂದು ಸ್ಕ್ರೂ ಇದೆ. ಅಲೆನ್ ಕೀಯಿಂದ ಸ್ವಲ್ಪ ಸಡಿಲ ಮಾಡು, ಕೆಳಗೊಂದು ಡಬ್ಬಿ ಹಿಡಿ, ರೀಸೆಟ್ ಒತ್ತು. ಮೊದಲು ಗುಳ್ಳೆ ಬರುತ್ತೆ, ಆಮೇಲೆ ಬರೀ ಎಣ್ಣೆ. ಆಗ ಬಿಗಿ ಮಾಡು. ಯು ವಿಲ್ ಬಿ ಗ್ರ್ಯಾಂಡ್. ಆದ್ರೆ ಗಾಳಿ ಯಾಕೆ ಸೇರ್ತಿದೆ ಅಂತ—"

ಅಷ್ಟಕ್ಕೆ ಕಾನೆಮಾರದ ಬೆಟ್ಟಗಳು ಸಿಗ್ನಲನ್ನು ನುಂಗಿದವು.

ಹಿತ್ತಲಲ್ಲಿ ಜಿಟಿಜಿಟಿ ಮಳೆ. ಪೆಟ್ಟಿಗೆಯ ಬಾಗಿಲು ತೆಗೆದು ಪಂಪಿನತ್ತ ಕೈ ಚಾಚಿದೆನೋ ಇಲ್ಲವೋ, ಭುಜದ ಮೇಲೆ ಇನ್ನೊಂದು ಕೈ ಬಿತ್ತು.

"ನಿಂಗೆ ಲೈಸೆನ್ಸ್ ಐತಾ?"

"ಡ್ರೈವಿಂಗ್ ಲೈಸೆನ್ಸ್ ಇದೆ, ಸಾರ್."

ಮಂಕಿಕ್ಯಾಪಿನೊಳಗೆ ಒಂದು ಗೆರೆಯೂ ಅಲುಗಲಿಲ್ಲ.

"ಬರ್ನರ್ ಬಿಚ್ಚೋದು ಮೆಕ್ಯಾನಿಕ್ ಕೆಲ್ಸ. ನೀನು ಮುಟ್ಟಂಗಿಲ್ಲ."

"ಮೆಕ್ಯಾನಿಕ್ಕೇ ಹೇಳಿದಾನೆ ಸಾರ್, ಈಗ ತಾನೇ ಫೋನಲ್ಲಿ."

"ನಂಗೆ ಹೇಳಿಲ್ವಲ್ಲ. ನೋಡಯ್ಯ, ನಮ್ಮ ಏಜೆನ್ಸೀಲಿ ಜಯರಾಮ ಅಂತ ಗೋಡೌನ್ ಕೀಪರ್ ಇದ್ದ. ಪರ್ಮಿಷನ್ ಇಲ್ದೆ ಸಾಕ್ಷಾತ್ ದೇವ್ರು ಬಂದ್ರೂ ಒಂದು ಸಿಲಿಂಡರ್ ಮುಟ್ಟಕ್ ಬಿಡ್ತಿರ್ಲಿಲ್ಲ. ಅದು ಡಿಸಿಪ್ಲಿನ್."

"ಅಯ್ಯೋ, ಆ ಜಯರಾಮನ ಸುದ್ದಿ ಬೇಡ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೇದಾವತಿಯವರು. "ಮುಖ ನೋಡಿಲ್ಲ, ಫೋನಲ್ಲಿ ದನಿ ಕೇಳಿದೀನಿ ಅಷ್ಟೇ. ತಗಡು ಉಜ್ಜಿದಂಗೆ. ನಮ್ಮನೇಗೆ ಸಿಲಿಂಡರ್ ಬೇಕಪ್ಪ, ನಾನು ಮ್ಯಾನೇಜರ್ ಹೆಂಡ್ತಿ ಅಂದ್ರೂನೂ, 'ಕ್ಯೂ ಐತೆ, ಇಡಮ್ಮ ಫೋನು' ಅನ್ನೋನು. ಮೆತ್ತಗಾಗ್ಲಿ ಅಂತ ವರ್ಷಾ ವರ್ಷಾ ದೀಪಾವಳಿಗೆ ಇವರ ಕೈಲಿ ಕಜ್ಜಾಯ ಕಟ್ಟಿ ಕಳಿಸ್ದೆ. ಮೆತ್ತಗಾಗ್ಲಿಲ್ಲ."

"ಕಜ್ಜಾಯ ಮೆತ್ತಗಿದ್ದವೇನೋ, ಅದಕ್ಕೆ," ಎಂದೆ.

ವೇದಾವತಿಯವರು ಸೆರಗು ಬಾಯಿಗಿಟ್ಟುಕೊಂಡರು. ರಾಮಲಿಂಗಪ್ಪನವರು ಯಾಕೋ ಟ್ಯಾಂಕಿನ ಕಡೆ ನೋಡುತ್ತಿದ್ದರು.

ಕಾರ್ಮಕ್‌ಗೆ ಮತ್ತೆ ಮಾಡಿದೆ. ಇಲ್ಲ. ಮತ್ತೆ. ಇಲ್ಲ. ಶಶಾಂಕನಿಂದ 'ಆಯ್ತಾ?' ಆಮೇಲೆ ಬರೀ '?'. ಅಡುಗೆಮನೆಯಿಂದ ಹಜಾರ, ಹಜಾರದಿಂದ ಹಿತ್ತಲು, ಹೊಸ ಶೂ ಕಚ್ಚಿದವನ ಹಾಗೆ ಓಡಾಡಿದೆ. ದಾರಿಯಲ್ಲಿ ಸಿಕ್ಕಿದ ರೇಡಿಯೇಟರನ್ನೆಲ್ಲ ಮುಟ್ಟಿ ನೋಡುವುದು, ಎಲ್ಲೋ ಒಂದು ಮನಸ್ಸು ಬದಲಾಯಿಸಿರಬಹುದೇ ಎಂದು. ನನ್ನ ಹಾಗೇ ಇನ್ನೊಬ್ಬರೂ ಓಡಾಡುತ್ತಿದ್ದರು. ರಾಮಲಿಂಗಪ್ಪನವರು ಮೇಲೆ ಹೋಗಿ ತೊಟ್ಟಿಲ ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡುವರು, ಇಳಿದು ಬರುವರು, ಅಂಗೈಗಳನ್ನು ಉಜ್ಜಿಕೊಳ್ಳುವರು, ಮತ್ತೆ ಹತ್ತುವರು. ಮೆಟ್ಟಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವುದೇ ಕೆಲಸವಾಯಿತು. ಬಾಯ್ಲರ್ ಉರಿಯುತ್ತಿಲ್ಲ, ಮಾವ ಉರಿಯುತ್ತಿದ್ದಾರೆ, ಶಾಖ ಮಾತ್ರ ಯಾರಿಗೂ ಇಲ್ಲ.

ಅಷ್ಟರಲ್ಲಿ ಶಶಾಂಕನ ಸಂದೇಶ: 'ಡಾಕ್ಟರ್ ಸೈನ್ ಮಾಡಿದ್ರು. ಊಟ ಮುಗಿಸಿ ಹೊರಡ್ತೀವಿ.'

"ಸಾರ್, ಅಲೆನ್ ಕೀ ಕಾರಲ್ಲಿದೆ, ತರ್ತೀನಿ," ಎಂದೆ.

"ತಂದು ಏನು ಮಾಡ್ತೀಯ?"

"ಸುಮ್ನೆ ಕೈಯಲ್ಲಿರಲಿ, ಸಾರ್."

ಕಾರು ಮನೆಯ ಮುಂದೆಯೇ ಇತ್ತು. ಒಳಗೆ ಕೂತು, ಸೀಟನ್ನು ಹಿಂದಕ್ಕೆ ಒರಗಿಸಿ, ಸ್ಟಿಯರಿಂಗಿನ ಕೆಳಗೆ ಆಗುವಷ್ಟು ಇಳಿದೆ. ಆಫೀಸಿನ ಫೋನ್ ತೆಗೆದೆ. ಅದರ ನಂಬರ್ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗಂಟಲೊಳಗೆ ಜಲ್ಲಿಕಲ್ಲು ಸುರಿದುಕೊಂಡೆ. ಆಟ ಬೇಡ ಎಂದಿದ್ದ ಶಶಾಂಕ. ಇದು ಆಟವಲ್ಲ, ಅಲೆನ್ ಕೀಗೆ ಪರ್ಮಿಷನ್, ಎಂದು ನನಗೆ ನಾನೇ ಹೇಳಿಕೊಂಡೆ. ಬೇಕಾದೀತು ಎಂದು ಶಶಾಂಕ ಬೆಳಗ್ಗೆಯೇ ಕಳಿಸಿದ್ದ ಮಾವನ ನಂಬರ್ ಒತ್ತಿದೆ. ಅಳಿಯ ಕೊಡಿಸಿದ್ದ ರಾಮಲಿಂಗಪ್ಪನವರ ಫೋನ್ ರಿಂಗಾಯಿತು.

ಹಜಾರದ ಕಿಟಕಿಯಲ್ಲಿ ಅವರು ಕಾಣುತ್ತಿದ್ದರು.

"ಹಲೋ, ಕಾರ್ಮಕ್ ಹಿಯರ್. ದಿ ಬಾಯ್ಲರ್ ಮ್ಯಾನ್," ಎಂದೆ. ವಾಕ್ಯದ ಕೊನೆಗೆ ಗಾಡಿಯನ್ನು ದಿಬ್ಬ ಹತ್ತಿಸಿದೆ.

ಕಿಟಕಿಯೊಳಗಿನ ರಾಮಲಿಂಗಪ್ಪನವರು ನೆಟ್ಟಗೆ ನಿಂತರು. ಎಡಗೈಯಿಂದ ಮಂಕಿಕ್ಯಾಪ್ ತೆಗೆದರು. "ಗುಡ್ ಆಫ್ಟರ್‌ನೂನ್ ಸಾರ್! ರಾಮಲಿಂಗಪ್ಪ ಸ್ಪೀಕಿಂಗ್. ರಿಟೈರ್ಡ್ ಮ್ಯಾನೇಜರ್, ಕುಕಿಂಗ್ ಗ್ಯಾಸ್."

ಮುಂದಿನದೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಓಹೋ, ನೀವು ನಮ್ಮ ಕಸುಬಿನವರೇ! ಹಾಗಿದ್ರೆ ನಂಗೆ ಚಿಂತೆಯೇ ಇಲ್ಲ. ಅಲ್ಲೊಬ್ಬ ಹುಡುಗ ಇದಾನಲ್ಲ, ಸತ್ಯ? ತುಂಬಾ ಬುದ್ಧಿವಂತ. ನೋಡೋಕ್ಕೂ ಚೆನ್ನಾಗಿದಾನಂತೆ. ಅವನ ಕೈಲಿ ಸ್ಕ್ರೂ ಬಿಚ್ಚಿಸಿ, ನೀವು ಪಕ್ಕದಲ್ಲಿ ನಿಂತು ನೋಡ್ಕೊಳ್ಳಿ."

"ಆಗಲಿ ಸಾರ್. ನಿಮ್ಮ ಬಾಯಿಂದ ಬಂತಲ್ಲ, ಸಾಕು."

ಅಲ್ಲಿಗೇ ಫೋನ್ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದನಿ ಸೊಗಸಾಗಿ ಕೂತಿತ್ತು, ಇಳಿಸಲು ಮನಸ್ಸಾಗಲಿಲ್ಲ.

"ಮತ್ತೆ, ಟ್ಯಾಂಕು ಗೀಂಕು ಎಲ್ಲ ಸುರಕ್ಷಿತವಾಗಿದೆ ತಾನೇ, ಮಿಸ್ಟರ್ ರಾಮಲಿಂಗಪ್ಪ?"

ಅವರ ಎದೆ ಒಂದು ಇಂಚು ಮುಂದೆ ಬಂದದ್ದು ಕಾರಿನಿಂದಲೇ ಕಂಡಿತು. "ಅದರ ಚಿಂತೆ ಬೇಡ ಸಾರ್. ಈ ಮಕ್ಕಳಿಗೆ ಜವಾಬ್ದಾರಿ ಇಲ್ಲ, ರಾತ್ರಿ ಹಾಗೇ ಬಿಟ್ಟು ಮಲಗಿಬಿಡ್ತಾರೆ. ನಾನು ಬಂದ ದಿನದಿಂದ ತಪ್ಪದೆ, ಮಲಗೋ ಮುಂಚೆ ಟ್ಯಾಂಕಿನ ವಾಲ್ವ್ ಮುಚ್ಚಿ ಬರ್ತೀನಿ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ತೆಗೀತೀನಿ. ಮೂವತ್ತು ವರ್ಷ ಸಾವಿರಾರು ಜನಕ್ಕೆ ಹೇಳಿಕೊಟ್ಟಿದೀನಿ ಸಾರ್, ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ ಮಲಗಿ ಅಂತ. ನಮ್ಮ ಗಿರಾಕಿಗಳ ಮನೇಲಿ ಒಂದೇ ಒಂದು ಅಪಘಾತ ಇಲ್ಲ."

ನನ್ನ ಗಂಟಲಿನ ಜಲ್ಲಿ ಕುಸಿದುಬಿತ್ತು.

ಕ್ಯಾಂಟೀನಿನ ಆ ಮೀನಿಗೆ ಇಲ್ಲದೇ ಹೋದ ಮೂಳೆ ಇಲ್ಲಿತ್ತು. ರಾತ್ರಿ ವಾಲ್ವ್ ಬಂದ್. ನಸುಕಿನಲ್ಲಿ ಟೈಮರ್ ಎಬ್ಬಿಸಿದಾಗ ಪಂಪು ಎಣ್ಣೆಗೆಂದು ಎಳೆಯುವುದು, ಎಣ್ಣೆ ಇಲ್ಲ, ಲಾಕ್. ಆಮೇಲೆ ಇವರು ಎದ್ದು ವಾಲ್ವ್ ತೆಗೆಯುವುದು. ಆದ್ದರಿಂದಲೇ ಶಶಾಂಕ ನೋಡಿದಾಗೆಲ್ಲ ಅದು ತೆರೆದೇ ಇರುವುದು. ದಿನಾ ಖಾಲಿ ಎಳೆದೂ ಎಳೆದೂ ಎಲ್ಲೆಲ್ಲಿಂದಲೋ ಗಾಳಿ ಸೇರಿ, ಕೊನೆಗೆ ಇವತ್ತು, ಮಗು ಬರುವ ದಿನವೇ, ಪೂರ್ತಿ ಕೈ ಎತ್ತಿತ್ತು.

"ಹಲೋ? ಹಲೋ ಸಾರ್?"

"ಇದೀನಿ, ಇದೀನಿ," ಎಂದೆ. ದನಿ ಎಲ್ಲಿ ಜಾರುವುದೋ ಎಂದು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. "ನಿಮ್ಮ ಎಚ್ಚರಿಕೆ ದೊಡ್ಡದು, ಮಿಸ್ಟರ್ ರಾಮಲಿಂಗಪ್ಪ. ಆದ್ರೆ ಈ ಬಾಯ್ಲರಿಗೆ ರಾತ್ರಿನೂ ವಾಲ್ವ್ ತೆರೆದೇ ಇರಬೇಕು. ನಸುಕಿನಲ್ಲಿ ಅದು ಎದ್ದಾಗ ಎಣ್ಣೆ ಸಿಗದಿದ್ರೆ ಲಾಕ್ ಆಗುತ್ತೆ."

ಕಿಟಕಿಯಲ್ಲಿ ಅವರು ಗೋಡೆಯ ಕಡೆ ತಿರುಗಿ, ಹೆಂಡತಿಗೆ ಕೇಳದ ಹಾಗೆ, ಫೋನಿಗೆ ಬಾಯಿ ಹತ್ತಿರ ತಂದರು.

"ಹಂಗಾದ್ರೆ ಸಾರ್... ಇಷ್ಟು ದಿನ ಇದು ನನ್ನಿಂದಾನಾ? ಇವತ್ತು ಮಗು ಬರ್ತಿದೆ, ಸಾರ್. ನನ್ನ ಮೊದಲ ಮೊಮ್ಮಗು."

ನನಗೆ ಯಾವ ದನಿಯೂ ಹೊಳೆಯಲಿಲ್ಲ. ಕೊನೆಗೆ ಕಾರ್ಮಕ್‌ನದೇ ಬಾಯಿಗೆ ಬಂತು. "ಛೆ ಛೆ, ಹಾಗೇನಿಲ್ಲ. ಇದು ಹಳೇ ಬಾಯ್ಲರು, ಅದಕ್ಕೆ ನೂರು ಕಾಯಿಲೆ. ಒಂದು ಸ್ಕ್ರೂ ತಿರುಗಿಸಿದ್ರೆ ಇಟ್ಸ್ ಗ್ರ್ಯಾಂಡ್."

"ರಾತ್ರಿ ಪೂರ್ತಿ ವಾಲ್ವ್ ತೆರೆದಿದ್ರೆ ನಿದ್ದೆ ಹೆಂಗೆ ಬರುತ್ತೆ, ಸಾರ್?"

"ಅಲ್ಲೇ ಇನ್ನೊಂದು ವಾಲ್ವ್ ಇದೆ. ಹೆಚ್ಚು ಬಿಸಿ ತಾಗಿದ್ರೆ ತಾನಾಗೇ ಮುಚ್ಚಿಕೊಳ್ಳುತ್ತೆ. ರಾತ್ರಿ ಪಾಳಿ ಅದರದ್ದು. ನೀವು ಮಲಗಿ."

"ಥ್ಯಾಂಕ್ಯೂ ಸಾರ್," ಎಂದರು. ಫೋನ್ ಇಟ್ಟ ಮೇಲೂ ಮಂಕಿಕ್ಯಾಪ್ ಹಾಕಿಕೊಳ್ಳಲಿಲ್ಲ.

ನಾನು ಅಲೆನ್ ಕೀ ಹಿಡಿದು, ಏನೂ ಅರಿಯದವನಂತೆ ಒಳಗೆ ಹೋದೆ.

"ಬಾರಯ್ಯ, ಬೇಗ ಬಾ," ಎಂದರು. "ಕಾರ್ಮಕ್ ಸಾಹೇಬ್ರು ಪರ್ಮಿಷನ್ ಕೊಟ್ಟವ್ರೆ. ನಿನ್ನ ಬಗ್ಗೆ ಏನೇನೋ ಅಂದ್ರು, ಪಾಪ, ನೋಡಿಲ್ಲ ಅನ್ಸುತ್ತೆ."

ಹಿತ್ತಲಲ್ಲಿ ಅವರು ಖಾಲಿ ಮೊಸರಿನ ಡಬ್ಬಿ ಹಿಡಿದು ಮಂಡಿಯೂರಿದರು. ನಾನು ಸ್ಕ್ರೂ ಸಡಿಲಿಸಿ ರೀಸೆಟ್ ಒತ್ತಿದೆ. ಪಂಪು ಗೊರಗೊರ ಎಂದಿತು, ಸ್ಕ್ರೂನ ಸುತ್ತ ನೊರೆ ಉಕ್ಕಿತು, ಕೆಂಪು ದೀಪ ಹತ್ತಿತು. ಕಾದೆವು. ಮತ್ತೆ ಒತ್ತಿದೆ. ಮತ್ತೆ ನೊರೆ, ಮತ್ತೆ ಕೆಂಪು. ನನ್ನ ಜೇಬಿನಲ್ಲಿ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು. ಮಳೆ ಅವರ ಬೋಳುತಲೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಡಬ್ಬಿಯಿಂದ ಕೈ ತೆಗೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಈ ಸಲ ಗುಳ್ಳೆಗಳು ಸಣ್ಣಗಾದವು, ವಿರಳವಾದವು, ಎಣ್ಣೆ ಒಂದೇ ಎಳೆಯಾಗಿ ಇಳಿಯಿತು.

"ಬಿಗಿ ಮಾಡು! ಬಿಗಿ ಮಾಡು!" ಎಂದು ಕೂಗಿದರು.

ಬಿಗಿ ಮಾಡಿದೆ. ಒಂದು ಕ್ಷಣ ಏನಿಲ್ಲ. ಆಮೇಲೆ ಒಳಗೆಲ್ಲೋ 'ಧಬ್' ಎಂದಿತು. ಅದರ ಹಿಂದೆಯೇ ಗುರ್ರೆಂಬ ಒಂದೇ ಸಮನಾದ ಉರಿ.

ರಾಮಲಿಂಗಪ್ಪನವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು, ದನದ ಮೈ ಸವರುವಂತೆ ಒಮ್ಮೆ ಸವರಿದರು. ನಂತರ ತುತ್ತೂರಿ ಕೇಳಿದ ಸಿಪಾಯಿಯ ಹಾಗೆ ಮನೆಯೊಳಗೆ ಓಡಿದರು. ಟಕ್, ಟಕ್ ಎಂದು ಒಂದೊಂದೇ ರೇಡಿಯೇಟರ್ ನೆಟಿಗೆ ಮುರಿಯುತ್ತಿತ್ತು. ಮೇಲಿನಿಂದ ವೇದಾವತಿಯವರ ಕೂಗು ಕೇಳಿತು: "ಬಟ್ಟೆ ಬೆಚ್ಚಗಾಗ್ತೈತೆ ಕಣ್ರೀ!"

ಮಗು ಬಂದಾಗ ಕಿಟಕಿಯ ಗಾಜಿನ ಮೇಲೆ ಹಬೆ ಕಟ್ಟಿತ್ತು. ವೇದಾವತಿಯವರು ಹೊಸ್ತಿಲಲ್ಲಿ ಆರತಿ ಎತ್ತಿದರು. ಅನನ್ಯಾ ಒಳಗೆ ಕಾಲಿಟ್ಟವಳೇ "ಆಹಾ" ಎಂದು ಕಣ್ಣುಮುಚ್ಚಿ ನಿಂತುಬಿಟ್ಟಳು. ಕೂಸು ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಇಷ್ಟೆಲ್ಲ ಗದ್ದಲ ತನಗೆ ಸಂಬಂಧವೇ ಇಲ್ಲವೆಂಬಂತೆ ನಿದ್ದೆ ಮಾಡಿತು.

"ಏನಾಗಿತ್ತೋ?" ಎಂದು ಶಶಾಂಕ ಕೇಳಿದ.

ರಾಮಲಿಂಗಪ್ಪನವರು ನೆಲ ನೋಡಿದರು.

"ಗಾಳಿ," ಎಂದೆ. ಸತ್ಯವೇ. ಅರ್ಧ ವೋಲ್ಟೇಜಿನ ಪ್ರಕಾಶ, ಅಷ್ಟೇ.

ಹೊರಡಬೇಕಿತ್ತು ನಾನು. ದೋಸೆ ತಿಂದು ಹೋಗು ಎಂದರು, ಕೂತೆ. ಆಗ ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಒದ್ದೆ ಕೋಟಿನ ಒಬ್ಬ ಕುಳ್ಳ, ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ.

"ಕಾರ್ಮಕ್," ಎಂದಿತು ಜಲ್ಲಿಕಲ್ಲು. "ಈ ದಾರೀಲೇ ಮನೆಗೆ ಹೋಗ್ತಿದ್ದೆ. ಬೆಳಗ್ಗೆ ಫೋನಲ್ಲಿ ಮಗು ಬರುತ್ತೆ ಅಂದಿದ್ರಲ್ಲ, ಸುಮ್ನೆ ಹೋಗೋಕ್ಕೆ ಮನಸ್ಸಾಗ್ಲಿಲ್ಲ."

ನನ್ನ ಬಾಯಲ್ಲಿದ್ದ ದೋಸೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಹಿತ್ತಲ ಬಾಗಿಲು ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದೆ. ಅಷ್ಟರಲ್ಲಿ ರಾಮಲಿಂಗಪ್ಪನವರು ಎದ್ದು ಹೋಗಿ ಎರಡೂ ಕೈಗಳಿಂದ ಅವನ ಕೈ ಹಿಡಿದು ಕುಲುಕುತ್ತಿದ್ದರು.

"ಸಾರ್! ನೀವು ಮಧ್ಯಾಹ್ನ ಹೇಳಿದ ಹಾಗೇ ಮಾಡಿದೆವು. ಇನ್ನು ರಾತ್ರಿ ನಾನು ಟ್ಯಾಂಕಿನ ವಾಲ್ವ್ ಮುಚ್ಚಲ್ಲ ಸಾರ್, ಪ್ರಾಮಿಸ್."

"ವಾಲ್ವ್?" ಎಂದ ಕಾರ್ಮಕ್. "ಯಾವ ವಾಲ್ವ್? ನಿಮ್ಮ ಹತ್ರ ನಾನು ಯಾವಾಗ ಮಾತಾಡಿದೆ? ಬೆಳಗ್ಗೆ ಆ ಹುಡುಗನ ಫೋನ್ ಕಟ್ಟಾದ ಮೇಲೆ ನಂಗೆ ಸಿಗ್ನಲ್ಲೇ ಇರ್ಲಿಲ್ಲ."

"ಅಪ್ಪಾ!" 'ಪ್ರಾಮಿಸ್' ಎಂಬ ಮಾತಿಗೇ ಅನನ್ಯಾ ಎದ್ದು ನಿಂತಿದ್ದಳು. "ದಿನಾ ರಾತ್ರಿ ಟ್ಯಾಂಕ್ ವಾಲ್ವ್ ಮುಚ್ತಿದ್ರಾ?"

ಶಶಾಂಕ ಮಾವನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಸತ್ಯಾ..." ಎಂದು ಹಲ್ಲಿನ ಸಂದಿಯಲ್ಲಿ ಎಳೆದ.

ರಾಮಲಿಂಗಪ್ಪನವರು ನಿಧಾನವಾಗಿ ತಿರುಗಿದರು. ಅದೇ ಪಾಸ್‌ಪೋರ್ಟ್ ಫೋಟೋ.

"ಮಾತಾಡು," ಎಂದರು.

"ಸಾರ್?"

"ಆ ದನೀಲಿ ಮಾತಾಡು."

ಮನೆಯೆಲ್ಲ ಬೆಚ್ಚಗಿದ್ದರೂ ನನ್ನ ಬೆನ್ನು ಕಾನೆಮಾರವಾಗಿತ್ತು. ಬೇರೆ ದಾರಿ ಇರಲಿಲ್ಲ. "ಹಲೋ," ಎಂದೆ, "ಕಾರ್ಮಕ್ ಹಿಯರ್. ದಿ ಬಾಯ್ಲರ್ ಮ್ಯಾನ್."

ಕಾರ್ಮಕ್‌ನ ಕೈಯಿಂದ ಪೆಟ್ಟಿಗೆ ಜಾರಿ ನೆಲಕ್ಕೆ ಬಿತ್ತು. "ದೇವರೇ, ತೀರಿಕೊಂಡ ನಮ್ಮಪ್ಪ ಮಾತಾಡಿದ ಹಾಗಿದೆ," ಎಂದ.

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ರಾಮಲಿಂಗಪ್ಪನವರ ಮೇಲೆ. ಅವರ ಭುಜ ಒಮ್ಮೆ ಅದುರಿತು. ಇನ್ನೊಮ್ಮೆ ಅದುರಿತು. ಗೋಡೆಗೆ ತಿರುಗಿ ಮಗುವಿನ ಸುದ್ದಿ ಹೇಳಿದ ಆ ಮಾತು ನನಗೆ ನೆನಪಾಗಿ, ಮುಗಿಯಿತು ಎಂದುಕೊಂಡೆ. ಆಗ ಅವರೊಳಗೆಲ್ಲೋ 'ಧಬ್' ಎಂದಿತು. ಅದರ ಹಿಂದೆಯೇ ಗುರ್ರೆಂದು ನಗು ಹೊತ್ತಿಕೊಂಡಿತು.

"ನನ್ಮಗನೇ!" ಎಂದರು ಕಣ್ಣೊರೆಸಿಕೊಳ್ಳುತ್ತ. "ನಂಗೇ? ಈ ವಿದ್ಯೆ ನನ್ನ ಮೇಲೇನಾ? ಮೂವತ್ತು ವರ್ಷ ಇದೇ ಕೆಲ್ಸ ಮಾಡಿ ಬಂದವನಯ್ಯ ನಾನು!" ಮೂಗು ಚಿವುಟಿಕೊಂಡು, ತಗಡಿಗೆ ಮೊಳೆ ಎಳೆದಂಥ ದನಿ ತೆಗೆದರು: "'ಯಾರ್ರೀ ಅದು? ಸ್ಟಾಕ್ ಇಲ್ಲ! ಲೋಡ್ ಬಂದಿಲ್ಲ! ಮ್ಯಾನೇಜರ್ ಊರಲ್ಲಿಲ್ಲ! ಇಡ್ರಿ ಫೋನು!' ಸಿಲಿಂಡರ್ ಯಾವಾಗ ಅಂತ ದಿನಾ ನೂರು ಫೋನು. ಮ್ಯಾನೇಜರ್ ಬೈಸ್ಕೊಳ್ಳೋಕೆ ಆಗುತ್ತಾ? ಬೈಸ್ಕೊಳ್ಳೋಕೆ ಒಬ್ಬ ಬೇಕಿತ್ತು. ಜಯರಾಮ ಅಂತ ಯಾರೂ ಇರ್ಲಿಲ್ಲ ಕಣಯ್ಯ! ಗೋಡೌನಲ್ಲಿ ಇದ್ದಿದ್ದು ನಾನು, ಮತ್ತೊಂದು ಬೆಕ್ಕು!"

ಶಶಾಂಕ ಸೋಫಾದ ಮೇಲೆ ಬಿದ್ದು ನಗುತ್ತಿದ್ದ. ಅನನ್ಯಾ ಹೊಟ್ಟೆ ಹಿಡಿದುಕೊಂಡು "ನಗಿಸ್ಬೇಡಿ, ನೋವಾಗುತ್ತೆ" ಎಂದು ಅಳುತ್ತ ನಗುತ್ತಿದ್ದಳು. ಏನೆಂದು ಪೂರ್ತಿ ತಿಳಿಯದಿದ್ದರೂ ಕಾರ್ಮಕ್ ನಗುತ್ತಿದ್ದ. ಮಾವನ ಬೆನ್ನು ತಟ್ಟಿ, "ನಮ್ಮಮ್ಮನೂ ಹೀಗೇ," ಎಂದ. "ನೀರು ಕಾಯಿಸೋ ಸ್ವಿಚ್ ಆಫ್ ಮಾಡಿದೀನೋ ಇಲ್ವೋ ಅಂತ ಅರ್ಧ ಪೂಜೆಯಲ್ಲಿ ಚರ್ಚಿನಿಂದ ಎದ್ದು ಬರ್ತಿದ್ಲು."

"ಏನಂದ್ರಿ?"

ಅಡುಗೆಮನೆಯ ಬಾಗಿಲಲ್ಲಿ ವೇದಾವತಿಯವರು, ಕೈಯಲ್ಲಿ ದೋಸೆ ಮಗುಚುವ ಕೈ. ನಗು ತಟ್ಟನೆ ನಿಂತಿತು.

"ಜಯರಾಮ ಅಂತ ಯಾರೂ ಇರ್ಲಿಲ್ವಾ?"

"ಅದು... ವೇದಾ..."

"ನಂಗೆ 'ಕ್ಯೂ ಐತೆ, ಇಡಮ್ಮ ಫೋನು' ಅಂದೋರು ನೀವಾ?"

"ನಿಂಗೊಬ್ಳಿಗೆ ಮೊದ್ಲು ಕೊಟ್ರೆ ಊರು ಏನನ್ನುತ್ತೆ..."

"ವರ್ಷಾ ವರ್ಷಾ ನಾನು ಕಟ್ಟಿ ಕಳಿಸಿದ ಕಜ್ಜಾಯ? ಬೆಕ್ಕು ತಿಂತಾ?"

ರಾಮಲಿಂಗಪ್ಪನವರು ಉತ್ತರಕ್ಕಾಗಿ ಕಾರ್ಮಕ್‌ನ ಮುಖ ನೋಡಿದರು, ನನ್ನ ಮುಖ ನೋಡಿದರು, ಮಲಗಿದ್ದ ಮೊಮ್ಮಗಳ ಮುಖವನ್ನೂ ನೋಡಿದರು. ಯಾವ ಮುಖವೂ ಕೈಹಿಡಿಯಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, ಮಾತು ಮರೆಸಲೆಂದು, "ಸಾಹೇಬ್ರು ಬಂದವ್ರೆ, ಎರಡು ದೋಸೆ ಹಾಕು ವೇದಾ," ಎಂದರು.

ವೇದಾವತಿಯವರು ಮೂಗು ಚಿವುಟಿಕೊಂಡರು.

"ಸ್ಟಾಕ್ ಇಲ್ಲ! ಹಿಟ್ಟು ಉಬ್ಬಿಲ್ಲ! ನಾಳೆ ಬನ್ರಿ!"

ತಿಪಟೂರಿನ ಗೋಡೌನೇ ಹಜಾರಕ್ಕೆ ಬಂದು ನಿಂತ ಹಾಗಿತ್ತು. ಹೇಳಿ ಮುಗಿಸುವ ಮೊದಲೇ ಅವರಿಗೆ ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ದೋಸೆ ಮಗುಚುವ ಕೈಯನ್ನು ಗಂಡನ ಕಡೆ ತೋರಿಸುತ್ತ, ಮೂವತ್ತು ವರ್ಷದ ಕಜ್ಜಾಯಗಳನ್ನೆಲ್ಲ ಒಟ್ಟಿಗೆ ವಸೂಲಿ ಮಾಡುವವರಂತೆ, ನಮ್ಮೆಲ್ಲರಿಗಿಂತ ಜೋರಾಗಿ ನಕ್ಕರು.